ಹಳೆಯ ಸ್ಪೋರ್ಟ್ಸ್ ಕಾರಿನ ಸ್ಟೀರಿಯೊ ಮೌನವಾದಾಗ

ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಮೂಡಲಗಿ, ಗೋಕಾಕ, ಹುಕ್ಕೇರಿ ಭಾಗದ ರಸ್ತೆಗಳಲ್ಲಿ ಟ್ರ್ಯಾಕ್ಟರ್‌ಗಿಂತ ಮೊದಲು ಅದರ ಹಾಡು ಬರುತ್ತದೆ. ಸ್ಪೀಕರ್ ಜೋಡಿಸುವ, ವೈರಿಂಗ್ ತಿದ್ದುವ ಕೈಗಳಿಗೆ ಈ ಊರುಗಳಲ್ಲಿ ಕೊರತೆಯಿಲ್ಲ. ಆದರೆ ಅದೇ ಅಂಗಡಿಯ ಮುಂದೆ ಇಪ್ಪತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರೊಂದು ಬಂದು ನಿಂತು, ಕಂಪನಿಯೇ ಅಳವಡಿಸಿದ ಅದರ ಸ್ಟೀರಿಯೊ ಮೌನವಾಗಿದ್ದರೆ ಪ್ರಶ್ನೆಯೇ ಬೇರೆ. ಟ್ರ್ಯಾಕ್ಟರಿನ ಟೇಪು ಕೆಟ್ಟರೆ ಮತ್ತೊಂದು ಸಿಗುತ್ತದೆ. ಇಂಥ ಕಾರಿನೊಂದಿಗೆ ಬಂದ ಸೆಟ್ಟಿಗೆ ಜೋಡಿ ಸಿಗುವುದು ಕಷ್ಟ.

ಭಾರತದಲ್ಲಿ ಇಂಥ ಕಾರುಗಳ ಸಂಖ್ಯೆ ಮೊದಲಿನಿಂದಲೂ ಚಿಕ್ಕದು. ನೆರೆಯ ಗೋವಾದಲ್ಲಿ ತಯಾರಾಗುತ್ತಿದ್ದ ಎರಡು ಆಸನಗಳ ಸ್ಯಾನ್ ಸ್ಟಾರ್ಮ್, 2004ರಲ್ಲಿ ಮಾರುಕಟ್ಟೆಗೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಮೊದಲಾದವು ಈಗ ಸಂಗ್ರಹಕಾರರ ವಸ್ತುಗಳು. ಅವುಗಳ ಮೌಲ್ಯ ಮೂಲ ಭಾಗಗಳು ಉಳಿದಿರುವುದನ್ನು ಅವಲಂಬಿಸಿದೆ. ಆದ್ದರಿಂದ ಸೆಟ್ಟನ್ನು ಕಿತ್ತೆಸೆಯುವ ಮುನ್ನ ತಿಳಿಯಬೇಕಾದ ಸಂಗತಿಯೊಂದಿದೆ: ದೋಷ ಎಷ್ಟೋ ಸಲ ಸೆಟ್ಟಿನಲ್ಲಿರುವುದಿಲ್ಲ, ಅದಕ್ಕೆ ವಿದ್ಯುತ್ ತಲುಪುವ ದಾರಿಯಲ್ಲಿರುತ್ತದೆ.

ಬ್ಯಾಟರಿಯಿಂದ ಆರಂಭ

ಪರೀಕ್ಷೆ ಬ್ಯಾಟರಿಯಿಂದ ಸೆಟ್ಟಿನತ್ತ ಸಾಗಬೇಕೇ ಹೊರತು ಸೆಟ್ಟಿನಿಂದ ಹಿಂದಕ್ಕಲ್ಲ. ಇದಕ್ಕೆ ಸಾಮಾನ್ಯ ಮಲ್ಟಿಮೀಟರ್ ಸಾಕು. ಎಂಜಿನ್ ನಿಂತಿರುವಾಗ ಸುಸ್ಥಿತಿಯ ಬ್ಯಾಟರಿ ಸುಮಾರು 12.4ರಿಂದ 12.7 ವೋಲ್ಟ್, ಎಂಜಿನ್ ಓಡುವಾಗ ಸುಮಾರು 13.8ರಿಂದ 14.5 ವೋಲ್ಟ್ ತೋರಿಸುತ್ತದೆ. ಇದಕ್ಕಿಂತ ಬಹಳ ಕಡಿಮೆಯಿದ್ದರೆ ಬ್ಯಾಟರಿ ಅಥವಾ ಆಲ್ಟರ್ನೇಟರ್ ಕಡೆ ಗಮನ ಹರಿಸಬೇಕು.

ಬಳಿಕ ಫ್ಯೂಸ್. ಒಂದು ಕಾರಿನ ಫ್ಯೂಸ್ ಪೆಟ್ಟಿಗೆಯಲ್ಲಿದ್ದರೆ, ಇನ್ನೊಂದು ಹಲವು ಸೆಟ್ಟುಗಳ ಬೆನ್ನಲ್ಲೇ ಇರುತ್ತದೆ. ಎರಡನೆಯದನ್ನು ನೋಡದೆ ಸೆಟ್ಟು ಸತ್ತಿತೆಂದು ತೀರ್ಮಾನಿಸುವುದು ಸಾಮಾನ್ಯ ತಪ್ಪು. ಹಾಕಿದ ಫ್ಯೂಸ್ ಮತ್ತೆ ಸುಟ್ಟರೆ ಎಲ್ಲೋ ಶಾರ್ಟ್ ಆಗಿದೆ ಎಂದರ್ಥ. ಆಗ ಹೆಚ್ಚು ಆಂಪಿಯರ್‌ನ ಫ್ಯೂಸನ್ನಾಗಲಿ, ತಂತಿಯ ತುಂಡನ್ನಾಗಲಿ ಹಾಕುವುದು ಬೆಂಕಿಯನ್ನು ಆಹ್ವಾನಿಸಿದಂತೆ.

ಎರಡು ತಂತಿ, ಒಂದು ಅರ್ಥಿಂಗ್

ಕಾರಿನ ಸ್ಟೀರಿಯೊಗೆ ಎರಡು ಕಡೆಯಿಂದ ವಿದ್ಯುತ್ ಬರುತ್ತದೆ. ಒಂದು ಸದಾ ಇರುವ 12 ವೋಲ್ಟ್. ಗಡಿಯಾರ ಮತ್ತು ಸ್ಟೇಷನ್‌ಗಳ ನೆನಪು ಉಳಿಯುವುದು ಇದರಿಂದ. ಇನ್ನೊಂದು ಕೀಲಿ ತಿರುಗಿಸಿದಾಗ ಮಾತ್ರ ಬರುವ 12 ವೋಲ್ಟ್. ಯುರೋಪಿನ ಕಾರುಗಳಲ್ಲಿ ರೂಢಿಯಲ್ಲಿರುವ ಐಎಸ್‌ಒ ಕನೆಕ್ಟರ್‌ನ ‘ಎ’ ಭಾಗದಲ್ಲಿ 4ನೇ ಪಿನ್ ಮೊದಲನೆಯದಕ್ಕೆ, 7ನೆಯದು ಎರಡನೆಯದಕ್ಕೆ, 8ನೆಯದು ಅರ್ಥಿಂಗ್‌ಗೆ ಮೀಸಲು. ಫೋಕ್ಸ್‌ವ್ಯಾಗನ್ ಸಮೂಹದ ಅನೇಕ ಕಾರುಗಳಲ್ಲಿ 4 ಮತ್ತು 7 ಅದಲುಬದಲಾಗಿರುತ್ತವೆ. ಕಾರು ನಿಲ್ಲಿಸಿದಾಗಲೆಲ್ಲ ಸ್ಟೇಷನ್‌ಗಳು ಅಳಿಸಿಹೋಗುತ್ತಿದ್ದರೆ ಈ ಎರಡು ತಂತಿಗಳನ್ನೇ ಮೊದಲು ಪರೀಕ್ಷಿಸಬೇಕು.

ಅರ್ಥಿಂಗ್ ದೋಷ ಹೆಚ್ಚು ದಾರಿ ತಪ್ಪಿಸುವಂಥದು. ಸೆಟ್ಟು ಚಾಲನೆಯಲ್ಲಿದ್ದಾಗ ಅದರ ಲೋಹದ ಹೊದಿಕೆ ಹಾಗೂ ಬ್ಯಾಟರಿಯ ಋಣ ತುದಿಯ ನಡುವೆ 0.2 ವೋಲ್ಟ್‌ಗಿಂತ ಹೆಚ್ಚು ಕಂಡರೆ ಸಂಪರ್ಕ ದುರ್ಬಲವಾಗಿದೆ. ಸ್ಯಾನ್ ಸ್ಟಾರ್ಮ್‌ನಂತಹ ಫೈಬರ್‌ಗ್ಲಾಸ್ ಮೈಯ ಕಾರಿನಲ್ಲಿ ಮೈಗೆ ಸ್ಕ್ರೂ ಹಾಕಿ ಅರ್ಥಿಂಗ್ ಕೊಡಲಾಗದು, ಏಕೆಂದರೆ ಫೈಬರ್‌ಗ್ಲಾಸ್ ವಿದ್ಯುತ್ ಹರಿಸುವುದಿಲ್ಲ. ಅಲ್ಲಿ ಪ್ರತ್ಯೇಕ ತಂತಿಯನ್ನು ಲೋಹದ ಚೌಕಟ್ಟಿಗೆ ಅಥವಾ ಬ್ಯಾಟರಿಗೇ ಎಳೆಯಬೇಕು.

ಬೆಳಕಿದೆ, ಸದ್ದಿಲ್ಲ

ಪರದೆ ಬೆಳಗಿ ಸದ್ದು ಬಾರದಿದ್ದರೆ ಪ್ರತ್ಯೇಕ ಆಂಪ್ಲಿಫೈಯರ್ ಇದೆಯೇ ಎಂದು ನೋಡಬೇಕು. ಹಲವು ಸ್ಪೋರ್ಟ್ಸ್ ಕಾರುಗಳಲ್ಲಿ ಅದು ಡಿಕ್ಕಿಯಲ್ಲೋ ಆಸನದ ಕೆಳಗೋ ಅಡಗಿರುತ್ತದೆ. ಅದಕ್ಕೂ ಬೇರೆ ಫ್ಯೂಸ್ ಇರುತ್ತದೆ. ಅದನ್ನು ಎಚ್ಚರಿಸಲು ಸೆಟ್ಟಿನಿಂದ 12 ವೋಲ್ಟ್ ಸಂಕೇತದ ತಂತಿಯೊಂದು ಹೋಗುತ್ತದೆ.

ಒಂದೇ ಬದಿಯ ಸ್ಪೀಕರ್ ಸತ್ತಿದ್ದರೆ, ಅದರ ಎರಡೂ ತಂತಿಗಳನ್ನು ಬಿಡಿಸಿ 1.5 ವೋಲ್ಟ್‌ನ ಪೆನ್ ಸೆಲ್ ಮುಟ್ಟಿಸಿದಾಗ ‘ಟಪ್’ ಎಂಬ ಸದ್ದು ಬರಬೇಕು. ಬಂದರೆ ಸ್ಪೀಕರ್ ಸರಿಯಿದೆ, ತಂತಿ ತುಂಡಾಗಿರಬಹುದು. ಬಾಗಿಲು ತೆರೆದು ಮುಚ್ಚುವಾಗ ಬಾಗುವ ರಬ್ಬರ್ ಕೊಳವೆಯೊಳಗೆ ತಂತಿಗಳು ಮುರಿಯುವುದು ಹಳೆಯ ಕಾರುಗಳಲ್ಲಿ ಸಾಮಾನ್ಯ. ಸ್ಪೀಕರಿನ ಋಣ ತಂತಿಯನ್ನು ಕಾರಿನ ಮೈಗೆ ಜೋಡಿಸುವುದು ಮಾತ್ರ ಸಲ್ಲದು. ಅನೇಕ ಸೆಟ್ಟುಗಳಲ್ಲಿ ಎರಡೂ ತಂತಿಗಳಲ್ಲಿ ಸುಮಾರು 6 ವೋಲ್ಟ್ ಇರುವುದರಿಂದ ಒಳಗಿನ ಐಸಿ ಸುಟ್ಟುಹೋಗಬಹುದು.

ಎಂಜಿನ್ ವೇಗದೊಂದಿಗೆ ಏರಿಳಿಯುವ ‘ಕುಂಯ್’ ಸದ್ದಿಗೆ ದುರ್ಬಲ ಅರ್ಥಿಂಗ್ ಅಥವಾ ಆಲ್ಟರ್ನೇಟರ್‌ನ ಡಯೋಡ್ ದೋಷ ಕಾರಣವಿರಬಹುದು. ಎಂಜಿನ್ನಿನ ಕಿಡಿಯ ಗದ್ದಲ ಎಫ್‌ಎಂಗಿಂತ ಮೀಡಿಯಂ ವೇವ್‌ನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಎಂಜಿನ್ ನಿಲ್ಲಿಸಿದ ನಂತರವೂ ಸ್ಟೇಷನ್ ಕ್ಷೀಣವಾಗಿದ್ದರೆ ತುಕ್ಕು ಹಿಡಿದ ಏರಿಯಲ್ ಮೇಲೆ ಸಂಶಯ ಪಡಬೇಕು.

ಗುಪ್ತ ಸಂಖ್ಯೆಯ ಬೀಗ

ಬ್ಯಾಟರಿ ಬದಲಿಸಿದ ದಿನವೇ ಸೆಟ್ಟು ‘ಸೇಫ್’ ಅಥವಾ ‘ಕೋಡ್’ ಎಂದು ತೋರಿಸಿದರೆ ಅದು ಕೆಟ್ಟಿಲ್ಲ. ಕಳ್ಳತನ ತಡೆಯುವ ಬೀಗ ಬಿದ್ದಿದೆ. ಗುಪ್ತ ಸಂಖ್ಯೆ ಕಾರಿನ ಕೈಪಿಡಿಯೊಂದಿಗೆ ಬಂದ ಕಾರ್ಡಿನಲ್ಲಿರುತ್ತದೆ. ಫೋಕ್ಸ್‌ವ್ಯಾಗನ್ ಸಮೂಹದ ಹಳೆಯ ಸೆಟ್ಟುಗಳಲ್ಲಿ ಎರಡು ಸಲ ತಪ್ಪು ಸಂಖ್ಯೆ ಒತ್ತಿದರೆ, ಸೆಟ್ಟನ್ನು ಚಾಲನೆಯಲ್ಲೇ ಇಟ್ಟು ಸುಮಾರು ಒಂದು ಗಂಟೆ ಕಾಯಬೇಕಾಗುತ್ತದೆ. ಹಳೆಯ ಕಾರು ಕೊಳ್ಳುವವರು ಕೀಲಿಯ ಜೊತೆಗೆ ಈ ಕಾರ್ಡನ್ನೂ ಕೇಳಿ ಪಡೆಯುವುದು ಒಳಿತು.

ಸೆಟ್ಟಿನ ಒಳಗೆ

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಸೆಟ್ಟನ್ನು ಹೊರತೆಗೆಯಬೇಕು. ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಡಿಸಬೇಕು. ಏರ್‌ಬ್ಯಾಗಿಗೆ ಸಂಬಂಧಿಸಿದ ಹಳದಿ ಕನೆಕ್ಟರ್‌ಗಳನ್ನು ಮುಟ್ಟಬಾರದು. ಟೇಪು ಎಳೆದಾಡಿದರೆ ರಬ್ಬರ್ ಬೆಲ್ಟ್ ಸಡಿಲಾಗಿರುತ್ತದೆ. ಸಿಡಿ ಓದದಿದ್ದರೆ ಲೆನ್ಸ್‌ಗೆ ಧೂಳು ಹಿಡಿದಿರಬಹುದು, ಕಬ್ಬಿನ ಹಾದಿಯ ಧೂಳು ಬಾಗಿಲ ಸಂದಿನಲ್ಲೇ ನಿಲ್ಲುವುದಿಲ್ಲ. ಗುಂಡಿ ತಿರುಗಿಸುವಾಗ ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕಾಗಬಹುದು. ಕುಲುಕಾಟಕ್ಕೆ ಬಿರುಕು ಬಿಟ್ಟ ಬೆಸುಗೆ, ಒಣಗಿದ ಕೆಪಾಸಿಟರ್‌ಗಳನ್ನು ಟಿವಿ, ರೇಡಿಯೊ ರಿಪೇರಿ ಬಲ್ಲವರು ಬದಲಿಸಬಲ್ಲರು.

ಕೊನೆಗೆ ಹೊಸ ಸೆಟ್ಟೇ ಅನಿವಾರ್ಯವಾದರೂ ಕಂಪನಿಯ ಕನೆಕ್ಟರ್ ಕತ್ತರಿಸುವುದು ಬೇಡ. ಆ ಕಾರಿಗೆ ಹೊಂದುವ ಅಡಾಪ್ಟರ್ ನಡುವೆ ಹಾಕಿದರೆ ಹಳೆಯ ವೈರಿಂಗ್ ಹಾಗೆಯೇ ಉಳಿಯುತ್ತದೆ. ಹೆಣೆದು ಟೇಪು ಸುತ್ತಿದ ತಂತಿ ಬೇಸಿಗೆಯ ಕಾವಿಗೆ ಅಂಟು ಬಿಡುತ್ತದೆ. ಒಂದಕ್ಕೊಂದು ತಾಗಿದರೆ ಸ್ಟೀರಿಯೊ ಮಾತ್ರವಲ್ಲ, ಕಾರೇ ಹೊತ್ತಿಕೊಳ್ಳಬಹುದು. ತೆಗೆದ ಹಳೆಯ ಸೆಟ್ಟನ್ನು ಗುಜರಿಗೆ ಹಾಕದೆ, ಗುಪ್ತ ಸಂಖ್ಯೆಯ ಕಾರ್ಡಿನೊಂದಿಗೆ ಒಣಗಿದ ಜಾಗದಲ್ಲಿ ಇರಿಸಬೇಕು. ಮುಂದೆ ಕಾರು ಕೊಳ್ಳುವವನು ಮೊದಲು ಕೇಳುವುದು ಅದನ್ನೇ ಇರಬಹುದು.