ಕಿರ್ದಿ, ಖಾತೆ ಮತ್ತು ಕೆಟ್ಟುಹೋದ ಡ್ರೈವ್

ಇಲ್ಲೇ ಹುಟ್ಟಿ ಬೆಳೆದ ನಿಮಗೆಲ್ಲ ಇವತ್ತು ಒಂದು ಪ್ರಶ್ನೆ ಕೇಳಿ ಶುರು ಮಾಡುತ್ತೇನೆ. ಕಂಪ್ಯೂಟರಿಗೆ ಡ್ರೈವ್ ಹಾಕಿದ ಕೂಡಲೇ, "ಇದನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?" ಎಂದು ಪರದೆ ಕೇಳಿದರೆ ನೀವೇನು ಒತ್ತುತ್ತೀರಿ?

ಕಳೆದ ಚಳಿಗಾಲದಲ್ಲಿ ನಮ್ಮ ಬಾನುಲಿಯ ಹಳೆಯ ಧ್ವನಿಮುದ್ರಣಗಳಿದ್ದ ಡ್ರೈವಿಗೆ ಹೀಗಾಯಿತು. ಅಡುಗೆಮನೆಯ ಟೇಬಲ್ಲಿನ ಮೇಲೆ ಎಡಿಟಿಂಗ್ ಮಾಡುತ್ತ ಕೂತಿದ್ದೆ. ಫೈಲು ಸೇವ್ ಆಗುತ್ತಿರುವಾಗಲೇ ನನ್ನ ಕೈ ತಗುಲಿ ಕೇಬಲ್ ಕಿತ್ತುಬಂತು. ಮತ್ತೆ ಹಾಕಿದರೆ ಈ ಪ್ರಶ್ನೆ. ಒಳಗೆ ಹನ್ನೊಂದು ವರ್ಷದ ಮಾತುಕತೆಗಳಿದ್ದವು, ಇಬ್ಬರು ಅಜ್ಜಿಯರು ಹಾಡಿದ ಬೀಸುಕಲ್ಲಿನ ಪದಗಳಿದ್ದವು. ಅವರಲ್ಲಿ ಒಬ್ಬರು ಈಗಿಲ್ಲ. ಇನ್ನೊಂದು ಪ್ರತಿ ಇಟ್ಟಿರಲಿಲ್ಲ, ಅದು ನನ್ನದೇ ತಪ್ಪು. ಬೆರಳು 'ಹೌದು' ಎನ್ನುವುದರ ಮೇಲೆ ಹೋಗಿತ್ತು. ನಿಮ್ಮದೇ ವಯಸ್ಸಿನ ನಮ್ಮ ಸ್ವಯಂಸೇವಕನೊಬ್ಬ ಫೋನಿನಲ್ಲಿ, "ಆಂಟಿ, ಏನೂ ಒತ್ತಬೇಡಿ, ವೈರ್ ತೆಗೆದಿಡಿ" ಎಂದ. ಹಾಗೆ ಯಾಕೆ ಹೇಳಿದ ಎಂದು ಓದುತ್ತ ಹೋದಾಗ ನನಗೆ ಸಿಕ್ಕ ಚರಿತ್ರೆಯನ್ನು ನಿಮಗೆ ಹೇಳುತ್ತೇನೆ.

ಮೊದಲ ಹಾರ್ಡ್ ಡಿಸ್ಕ್ ಬಂದದ್ದು 1956ರಲ್ಲಿ, ಐಬಿಎಂನ ರಾಮ್ಯಾಕ್ ಯಂತ್ರದ ಜೊತೆ. ಎರಡಡಿ ಅಗಲದ 50 ತಟ್ಟೆಗಳಲ್ಲಿ 50 ಲಕ್ಷ ಅಕ್ಷರ ಹಿಡಿಯುತ್ತಿತ್ತು. ಆದರೆ ನಮ್ಮ ಕಥೆ ನಡೆಯುವುದು ಮನೆಯ ಹತ್ತಿರ. ಎಡಿಸನ್‌ನಿಂದ ಅರ್ಧ ಗಂಟೆ ಕಾರಿನಲ್ಲಿ ಹೋದರೆ ಮರ್ರೇ ಹಿಲ್ ಸಿಗುತ್ತದೆ. ಅಲ್ಲಿನ ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ಶುರು ಮಾಡಿದರು. ಯೂನಿಕ್ಸಿನಲ್ಲಿ ಪ್ರತಿ ಫೈಲಿಗೂ ಐನೋಡ್ ಎಂಬ ಒಂದು ಚೀಟಿ ಇರುತ್ತದೆ. ಫೈಲು ಎಷ್ಟು ದೊಡ್ಡದು, ಯಾರದು, ಅದರ ತುಣುಕುಗಳು ಡಿಸ್ಕಿನ ಯಾವ ಯಾವ ಮನೆಯಲ್ಲಿವೆ, ಅದಕ್ಕೆ ಎಷ್ಟು ಹೆಸರುಗಳಿವೆ ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಹೆಸರು ಮಾತ್ರ ಅಲ್ಲಿರುವುದಿಲ್ಲ, ಡೈರೆಕ್ಟರಿಯಲ್ಲಿರುತ್ತದೆ. ಖಾಲಿ ಮನೆಗಳ ಪಟ್ಟಿ ಇನ್ನೊಂದು ಕಡೆ.

ಕರೆಂಟು ಹೋದರೆ ಇವುಗಳಲ್ಲಿ ಒಂದು ಬರೆದಾಗಿರುತ್ತದೆ, ಇನ್ನೊಂದು ಬರೆದಿರುವುದಿಲ್ಲ. ಫೈಲ್ ಸಿಸ್ಟಮ್ ಕೆಟ್ಟಿತು ಅನ್ನುವುದು ಹೆಚ್ಚಾಗಿ ಇಷ್ಟೇ. ಒಳಗಿನ ಮಾತು ಇದ್ದಲ್ಲೇ ಇರುತ್ತದೆ, ಲೆಕ್ಕ ತಾಳೆಯಾಗುವುದಿಲ್ಲ.

ಲೆಕ್ಕ ಎಂದಾಗ ನನಗೆ ತಾತ ನೆನಪಾಗುತ್ತಾರೆ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನಡೆದದ್ದನ್ನು ನಡೆದ ಕ್ರಮದಲ್ಲೇ ಅವತ್ತವತ್ತೇ ಬರೆಯುವ ಪುಸ್ತಕ ಕಿರ್ದಿ. ಆಮೇಲೆ ಅದನ್ನು ಒಬ್ಬೊಬ್ಬರ ಹೆಸರಿಗೂ ಏರಿಸುವ ಪುಸ್ತಕ ಖಾತೆ. ಎರಡೂ ತಾಳೆಯಾಗದಿದ್ದರೆ ರಾತ್ರಿ ಊಟ ತಡವಾಗುತ್ತಿತ್ತು. ಈ ಎರಡು ಪದ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

1970ರ ದಶಕದಲ್ಲಿ ಯೂನಿಕ್ಸ್ ಡಿಸ್ಕ್ ತಾಳೆ ನೋಡಲು ಐಚೆಕ್, ಡಿಚೆಕ್ ಎಂಬ ಬೇರೆ ಬೇರೆ ಪ್ರೋಗ್ರಾಮುಗಳಿದ್ದವು. ಅವು ತೋರಿಸಿದ ತಪ್ಪನ್ನು ತಿಳಿದವರು ಕೈಯಾರೆ ತಿದ್ದಬೇಕಿತ್ತು. ಬೆಲ್ ಲ್ಯಾಬ್ಸ್‌ನ ಟಿ. ಜೆ. ಕೊವಾಲ್ಸ್ಕಿ ಇದನ್ನೆಲ್ಲ ಒಂದೇ ಪ್ರೋಗ್ರಾಮಿಗೆ ತಂದು, 1978ರಲ್ಲಿ ಅದರ ಬಗ್ಗೆ ಲೇಖನ ಬರೆದರು. ಅದೇ ಎಫ್‌ಎಸ್‌ಸಿಕೆ. ಒಂದೇ ಮನೆಯನ್ನು ಎರಡು ಫೈಲುಗಳು ತಮ್ಮದೆನ್ನುತ್ತಿವೆಯೇ? ಚೀಟಿಯಲ್ಲಿ ಎರಡು ಹೆಸರು ಎಂದಿದ್ದು ಡೈರೆಕ್ಟರಿಗಳಲ್ಲಿ ಒಂದೇ ಸಿಗುತ್ತಿದೆಯೇ? ತಾತ ಕೇಳುತ್ತಿದ್ದಂಥ ಪ್ರಶ್ನೆಗಳೇ. ಚೀಟಿಯಿದ್ದು ಹೆಸರಿಲ್ಲದ ಅನಾಥ ಫೈಲುಗಳನ್ನು ಅದು 'ಲಾಸ್ಟ್ ಅಂಡ್ ಫೌಂಡ್' ಎಂಬ ಡೈರೆಕ್ಟರಿಗೆ ಸೇರಿಸುತ್ತದೆ. ಇವತ್ತಿನ ಲಿನಕ್ಸ್ ಡಿಸ್ಕುಗಳಲ್ಲೂ ನೀವು ಆ ಹೆಸರನ್ನು ನೋಡಬಹುದು.

ಮುಂದಿನ ಹೆಜ್ಜೆ ಬರ್ಕ್ಲಿಯಲ್ಲಿ. ಮಾರ್ಷಲ್ ಕರ್ಕ್ ಮೆಕ್ಯೂಸಿಕ್ ಮತ್ತು ಜೊತೆಗಾರರು ಬರೆದ ಹೊಸ ಫೈಲ್ ಸಿಸ್ಟಮ್ 1983ರ ಬಿಎಸ್‌ಡಿ ಯೂನಿಕ್ಸ್ ಜೊತೆ ಹೊರಬಂತು. ಇಡೀ ಡಿಸ್ಕಿನ ಅಳತೆ, ವಿನ್ಯಾಸ ಹೇಳುವ ಮೂಲಪುಟಕ್ಕೆ ಸೂಪರ್‌ಬ್ಲಾಕ್ ಎನ್ನುತ್ತಾರೆ. ಅದೊಂದು ಹೋದರೆ ಎಲ್ಲ ಹೋದಂತೆ. ಇವರು ಅದರ ಪ್ರತಿಗಳನ್ನು ಡಿಸ್ಕಿನ ಉದ್ದಕ್ಕೂ ಇಟ್ಟರು. ಒಂದೇ ತಟ್ಟೆ ಕೆಟ್ಟರೆ ಎಲ್ಲ ಪ್ರತಿಗಳೂ ಹೋಗದ ಹಾಗೆ, ಸುರುಳಿಯಂತೆ ಸ್ವಲ್ಪ ಸ್ವಲ್ಪ ಸರಿಸುತ್ತ ಇಟ್ಟರು. ಎಂಎ ಓದುವಾಗ ಗ್ರಂಥಸಂಪಾದನೆಯ ಪಾಠದಲ್ಲಿ ಕೇಳಿದ್ದು ನೆನಪಾಯಿತು: ಒಂದು ಮಠದ ಓಲೆಗರಿಯನ್ನು ಗೆದ್ದಲು ತಿಂದರೆ, ಅಲ್ಲಿ ಬಿಟ್ಟುಹೋದ ಪದ್ಯ ಇನ್ನೊಂದು ಊರಿನ ಪ್ರತಿಯಲ್ಲಿ ಸಿಗುತ್ತದೆ.

ಅದೇ ಪಾಠದ ಇನ್ನೊಂದು ಎಚ್ಚರಿಕೆ ಇಲ್ಲೂ ಸಲ್ಲುತ್ತದೆ. ಅರ್ಥವಾಗದ ಪದವನ್ನು ತನಗೆ ತೋಚಿದಂತೆ ತಿದ್ದುವ ಲಿಪಿಕಾರನಿಂದ ಓಲೆ ಚೊಕ್ಕಟವಾಗಿ ಕಾಣುತ್ತದೆ, ಕವಿಯ ಮಾತು ಹೋಗಿರುತ್ತದೆ. ಎಫ್‌ಎಸ್‌ಸಿಕೆ, ವಿಂಡೋಸಿನ ಚೆಕ್‌ಡಿಸ್ಕ್ ಎರಡರ ಕೆಲಸವೂ ಲೆಕ್ಕ ತಾಳೆ ಮಾಡುವುದು. ತಾಳೆಯಾಗದ್ದನ್ನು ಕಿತ್ತುಹಾಕಿಯೂ ತಾಳೆ ಮಾಡಬಹುದು. ಅದಕ್ಕೇ ತಿದ್ದುವ ಮೊದಲು ಇಡೀ ಡ್ರೈವನ್ನು, ಕೆಟ್ಟದ್ದನ್ನು ಕೆಟ್ಟಂತೆಯೇ, ಬೇರೆ ಡ್ರೈವಿಗೆ ನಕಲು ಮಾಡಿಕೊಳ್ಳಬೇಕು. ಡ್ರೈವಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಅದನ್ನೂ ಮಾಡದೆ ಆಫ್ ಮಾಡಿ, ತಿಳಿದವರಿಗೆ ಕೊಡಿ.

ಡಾಸ್ ಕಾಲದ ಒಂದು ಸ್ವಾರಸ್ಯ ಹೇಳಿಬಿಡುತ್ತೇನೆ. ಅಲ್ಲಿ ಫೈಲು ಅಳಿಸಿದರೆ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಬೀಳುತ್ತಿತ್ತು, ಅದರ ಮನೆಗಳು ಖಾಲಿ ಎಂದು ದಾಖಲಾಗುತ್ತಿದ್ದವು, ಅಷ್ಟೇ. ಪೀಟರ್ ನಾರ್ಟನ್ 1982ರಲ್ಲಿ ಅಳಿಸಿದ್ದನ್ನು ಮರಳಿ ತರುವ ಸಾಧನ ಮಾರಿ ಹೆಸರಾದದ್ದು ಇದರಿಂದಲೇ. ಮುಂದೆ ಡಾಸಿನಲ್ಲೇ ಬಂದ ಅನ್‌ಡಿಲೀಟ್, ಕಳೆದ ಆ ಮೊದಲ ಅಕ್ಷರ ಯಾವುದೆಂದು ನಿಮ್ಮನ್ನೇ ಕೇಳುತ್ತಿತ್ತು! ಈಗಿನ ಎಸ್‌ಎಸ್‌ಡಿಗಳನ್ನು ಇಷ್ಟು ನಂಬಬೇಡಿ. ಅಳಿಸಿದ ಜಾಗವನ್ನು ಅವು ತಾವೇ ಖಾಲಿ ಮಾಡಿಕೊಂಡುಬಿಡುತ್ತವೆ.

ಡಿಸ್ಕು ದೊಡ್ಡದಾದಂತೆ ಪೂರ್ತಿ ತಾಳೆ ನೋಡಲು ಗಂಟೆಗಟ್ಟಲೆ ಬೇಕಾಯಿತು. ಆಗ ಬಂದದ್ದು ನಮ್ಮ ಕಿರ್ದಿ. ಇಂಗ್ಲಿಷಿನಲ್ಲಿ ಜರ್ನಲ್. ಮಾಡಲಿರುವ ಬದಲಾವಣೆಯನ್ನು ಮೊದಲು ಕಿರ್ದಿಯಲ್ಲಿ ಬರೆ, ಆಮೇಲೆ ಖಾತೆಗೆ ಏರಿಸು. ನಡುವೆ ಕರೆಂಟು ಹೋದರೆ ಕಿರ್ದಿಯ ಕೊನೆಯ ಪುಟ ನೋಡಿದರೆ ಸಾಕು. 1993ರಲ್ಲಿ ವಿಂಡೋಸ್ ಎನ್‌ಟಿಯ ಎನ್‌ಟಿಎಫ್‌ಎಸ್, 2001ರಲ್ಲಿ ಲಿನಕ್ಸಿಗೆ ಸೇರಿದ ಇಎಕ್ಸ್‌ಟಿ3 ಎರಡರಲ್ಲೂ ಇದಿದೆ.

ನಮ್ಮ ಡ್ರೈವಿನಲ್ಲಿದ್ದದ್ದು 2006ರಲ್ಲಿ ಬಂದ ಎಕ್ಸ್‌ಫ್ಯಾಟ್. ಮ್ಯಾಕ್, ವಿಂಡೋಸ್ ಎರಡರಲ್ಲೂ ನಡೆಯುತ್ತದೆಂದು ನಾವೇ ಆರಿಸಿದ್ದೆವು. ಅದಕ್ಕೆ ಕಿರ್ದಿ ಇಲ್ಲ. ಆದರೆ ಮೊದಲ 12 ಸೆಕ್ಟರುಗಳಲ್ಲಿರುವ ಮೂಲಪುಟಗಳ ಇನ್ನೊಂದು ಪ್ರತಿ ಮುಂದಿನ 12ರಲ್ಲೇ ಇರುತ್ತದೆ. ನಾನು 'ಹೌದು' ಒತ್ತಿದ್ದರೆ ಅದರ ಮೇಲೂ ಹೊಸದು ಬರೆದುಹೋಗುತ್ತಿತ್ತು. ಹುಡುಗ ಎರಡು ರಾತ್ರಿ ಕೂತು ಮೊದಲು ನಕಲು ತೆಗೆದ, ಆಮೇಲೆ ಆ ನಕಲಿನ ಮೇಲೆ ಟೆಸ್ಟ್‌ಡಿಸ್ಕ್ ಎಂಬ ಉಚಿತ ಪ್ರೋಗ್ರಾಮಿನಿಂದ ಎರಡನೆಯ ಪ್ರತಿಯನ್ನು ಮೊದಲನೆಯದರ ಜಾಗಕ್ಕೆ ತಂದ. ಫೋಲ್ಡರುಗಳು ಸಾಲಾಗಿ ಕಾಣಿಸಿಕೊಂಡವು. ಬೀಸುಕಲ್ಲಿನ ಪದಗಳೂ ಬಂದವು.

ಒಂದು ಫೋಲ್ಡರ್ ಮಾತ್ರ ಬರಲಿಲ್ಲ. ಅದಕ್ಕೆ ಫೋಟೋರೆಕ್ ಬಳಸಿದೆವು. ಅದು ಲೆಕ್ಕದ ಪುಸ್ತಕವನ್ನು ನೋಡುವುದೇ ಇಲ್ಲ. ಫೈಲಿನ ಆರಂಭದ ಗುರುತು ಹಿಡಿದು ಮನೆ ಮನೆ ಹುಡುಕುತ್ತದೆ. ವೇವ್ ಧ್ವನಿ ಫೈಲಾದರೆ 'ರಿಫ್' ಎಂಬ ನಾಲ್ಕು ಇಂಗ್ಲಿಷ್ ಅಕ್ಷರ. ಹಾಗೆ ಸಿಕ್ಕವಕ್ಕೆ ಹೆಸರಿಲ್ಲ, ತಾರೀಖಿಲ್ಲ, ಬರೀ ನಂಬರು. ಒಂದೊಂದನ್ನೂ ಕೇಳಿ ಯಾರ ದನಿ ಎಂದು ಗುರುತಿಸುತ್ತಿದ್ದೇವೆ. ಒಂದರಲ್ಲಿ ಒಬ್ಬ ಹೆಂಗಸು ಉಪ್ಪಿನಕಾಯಿ ಹಾಕುವುದನ್ನು ಹೇಳುತ್ತ ನಡುವೆ ನಗುತ್ತಾರೆ. ಯಾರೆಂದು ನಮಗಿನ್ನೂ ಗೊತ್ತಾಗಿಲ್ಲ. ಬರುವ ಭಾನುವಾರ ಅದನ್ನು ಪ್ರಸಾರ ಮಾಡುತ್ತೇವೆ. ಅಮ್ಮನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ, ಗುರುತು ಸಿಕ್ಕರೆ ನಮಗೆ ಫೋನ್ ಮಾಡಿ.