ಆಕಾಶದಿಂದ ಬಿದ್ದದ್ದಕ್ಕೆ ಹೊಣೆ ಯಾರು?

2025ರ ಜನವರಿಯಲ್ಲಿ ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ದೊಡ್ಡದೊಂದು ಬಲೂನು ಯಂತ್ರಸಹಿತವಾಗಿ ಮನೆಯೊಂದರ ಮೇಲೆ ಬಿದ್ದ ಸುದ್ದಿಯನ್ನು ಬಂಧುಗಳು ಪತ್ರಿಕೆಗಳಲ್ಲಿ ಓದಿರಬಹುದು. ಆ ಕಡೆಯ ನಮ್ಮ ಸೋದರಮಾವನವರು ಅಂದೇ ಫೋನ್ ಮಾಡಿ, “ನಿಮ್ಮ ಹೈದ್ರಾಬಾದಿನ ಸಾಮಾನ ನಮ್ಮ ಕಡಿ ಬಂದು ಬಿದ್ದದ ನೋಡಪಾ. ಮ್ಯಾಲಿಂದ ಬಿದ್ದದ್ದಕ್ಕ ಜವಾಬ್ದಾರಿ ಯಾರ್ದು?” ಎಂದು ಕೇಳಿದರು. ನಾವು ನಕ್ಕೆವು. ಆದರೆ ಕಛೇರಿಯಲ್ಲಿ ಕಡತಗಳ ನಡುವೆ ಆಯುಷ್ಯ ಕಳೆಯುವ ನಮಗೆ ಈ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ.

ಆ ಬಲೂನು ಹೊರಟದ್ದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹೈದರಾಬಾದ್ ಕೇಂದ್ರದಿಂದ. ನಾಚಾರಂನಲ್ಲಿರುವ ನಮಗೆ ಆ ಕೇಂದ್ರ ಕೆಲವೇ ಕಿಲೋಮೀಟರು ದೂರ. ಪಾಲಿಥೀನಿನ ಈ ಬಲೂನುಗಳು ಹೈಡ್ರೋಜನ್ ತುಂಬಿಕೊಂಡು ಮೂವತ್ತು-ನಲವತ್ತು ಕಿ.ಮೀ. ಎತ್ತರಕ್ಕೆ ಏರುತ್ತವೆ. ಉಪಕರಣಗಳು ಪ್ಯಾರಾಚೂಟಿನಲ್ಲಿ ಕೆಳಗಿಳಿಯುತ್ತವೆ. ‘ಸಿಕ್ಕವರು ಬಿಚ್ಚಬೇಡಿ, ಪೊಲೀಸರಿಗೆ ತಿಳಿಸಿ’ ಎಂದು ಮೊದಲೇ ಪ್ರಕಟಣೆ ಕೊಡುವ ರೂಢಿಯೂ ಉಂಟು. ಇದು ಹತ್ತಿರದ ಆಕಾಶದ ಮಾತಾಯಿತು. ದೇಶದೊಳಗಿನ ವಿಷಯ, ದೇಶದ ಕಾನೂನಿಗೇ ಸೇರಿದ್ದು. ಅದಕ್ಕೂ ಮೇಲಿನದು ಬಿದ್ದರೆ?

ಅಂಥ ದಿನವೊಂದು 1979ರ ಜುಲೈನಲ್ಲಿ ಬಂದಿತ್ತು. ಅಮೆರಿಕದ ಸುಮಾರು 77 ಟನ್ ತೂಕದ ‘ಸ್ಕೈಲ್ಯಾಬ್’ ಎಲ್ಲಿ ಬೀಳುವುದೋ ಎಂದು ಊರೂರೇ ಹೆದರಿತ್ತು. ಹೇಗೂ ಸಾಯುವವರೆಂದು ಕೋಳಿ-ಕುರಿ ಕೊಯ್ದು ಉಂಡು, ಮರುದಿನ ಎದ್ದು ಪೇಚಾಡಿದವರ ಕಥೆಯನ್ನು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ. ಕಡೆಗೆ ಜುಲೈ 11ರಂದು ಅದರ ಚೂರುಗಳು ಹಿಂದೂ ಮಹಾಸಾಗರದಲ್ಲಿಯೂ ಪಶ್ಚಿಮ ಆಸ್ಟ್ರೇಲಿಯದಲ್ಲಿಯೂ ಬಿದ್ದವು.

ಅದಕ್ಕೂ ಮೊದಲು, 1978ರ ಜನವರಿ 24ರಂದು, ಅಣುಸ್ಥಾವರ ಹೊತ್ತ ಸೋವಿಯತ್ ಉಪಗ್ರಹ ‘ಕಾಸ್ಮಾಸ್-954’ ಕೆನಡಾದ ಹಿಮಪ್ರದೇಶದಲ್ಲಿ ಬಿದ್ದು ವಿಕಿರಣ ಹರಡಿತ್ತು. ಕೆನಡಾ ಸುಮ್ಮನಿರಲಿಲ್ಲ, 60 ಲಕ್ಷ ಡಾಲರಿಗೂ ಮಿಗಿಲಾದ ಲೆಕ್ಕವನ್ನು ಮುಂದಿಟ್ಟಿತು. 1981ರಲ್ಲಿ 30 ಲಕ್ಷ ಕೆನಡಾ ಡಾಲರಿಗೆ ರಾಜಿಯಾಯಿತು. ಈ ಬೇಡಿಕೆಗೆ ಆಧಾರವಾಗಿದ್ದದ್ದು 1972ರ ಅಂತರರಾಷ್ಟ್ರೀಯ ಹೊಣೆಗಾರಿಕೆ ಒಪ್ಪಂದ. ಭಾರತ ಇದಕ್ಕೆ ಸೇರಿದ್ದು 1979ರಲ್ಲಿ, ಸ್ಕೈಲ್ಯಾಬ್ ಬಿದ್ದ ವರ್ಷವೇ. ಇದರ ಸಾರವಿಷ್ಟು: ಬಾಹ್ಯಾಕಾಶದ ವಸ್ತು ಭೂಮಿಯ ಮೇಲೆ ಬಿದ್ದು ಹಾನಿಯಾದರೆ, ತಪ್ಪು ಯಾರದೆಂದು ಕೇಳದೆ ಉಡಾಯಿಸಿದ ರಾಷ್ಟ್ರ ಪರಿಹಾರ ಕೊಡತಕ್ಕದ್ದು.

ಇಂಥ ಒಪ್ಪಂದಗಳಿಗೆಲ್ಲ ತಾಯಿಬೇರು 1967ರ ಬಾಹ್ಯಾಕಾಶ ಒಡಂಬಡಿಕೆ. ಚಂದ್ರನನ್ನಾಗಲಿ ಬೇರೆ ಗ್ರಹವನ್ನಾಗಲಿ ಯಾವ ದೇಶವೂ ತನ್ನದೆನ್ನುವಂತಿಲ್ಲ. ಖಾಸಗಿಯವರು ಹಾರಿಸಿದರೂ ಅವರಿಗೆ ಅಪ್ಪಣೆ ಕೊಟ್ಟು ಮೇಲ್ವಿಚಾರಣೆ ಮಾಡುವ ಭಾರ ಅವರವರ ಸರಕಾರದ್ದು. ಭಾರತ 1967ರಲ್ಲೇ ಸಹಿ ಹಾಕಿದರೂ ಅದನ್ನು ಸ್ಥಿರೀಕರಿಸಿದ್ದು 1982ರಲ್ಲಿ. ಕಡತ ನಿಧಾನವಾಗಿ ಸರಿಯುವುದು ನಮ್ಮ ಕಛೇರಿಯಲ್ಲಿ ಮಾತ್ರವಲ್ಲವೆಂದು ನಾವು ಸಮಾಧಾನ ಪಟ್ಟುಕೊಳ್ಳಬಹುದು!

ಈ ನಿಯಮಗಳೆಲ್ಲ ರೂಪುಗೊಂಡದ್ದು ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮಿತಿಯಲ್ಲಿ. 1997ರಿಂದ 2000ದವರೆಗೆ ಆ ಸಮಿತಿಯ ಅಧ್ಯಕ್ಷಪೀಠದಲ್ಲಿ ಕುಳಿತವರು ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಕನ್ನಡಿಗರು, ಪ್ರೊ. ಯು. ಆರ್. ರಾವ್ ಅವರು. ಪೀಣ್ಯದ ಷೆಡ್ಡುಗಳಲ್ಲಿ ‘ಆರ್ಯಭಟ’ವನ್ನು ಸಿದ್ಧಪಡಿಸಿ, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೇಲೆ ಕಳುಹಿಸಿದ ತಂಡದ ಮುಖ್ಯಸ್ಥರು ಅವರೇ. 1999ರಲ್ಲಿ ವಿಯೆನ್ನಾದಲ್ಲಿ ಸೇರಿದ ವಿಶ್ವಸಂಸ್ಥೆಯ ಬಾಹ್ಯಾಕಾಶ ಮಹಾಸಮ್ಮೇಳನಕ್ಕೂ ಅವರೇ ಅಧ್ಯಕ್ಷರು. ಪರರ ರಾಕೆಟ್ಟಿನಲ್ಲಿ ಉಪಗ್ರಹ ಕಳುಹಿಸಿದವರು ಕಾಲು ಶತಮಾನದೊಳಗೆ ಜಗತ್ತಿನ ಸಭೆಯನ್ನು ನಡೆಸಿದ್ದು ಸಣ್ಣ ಮಾತಲ್ಲ.

ನಮ್ಮ ಈ ಊರಿಗೂ ಕನ್ನಡನಾಡಿಗೂ ಇನ್ನೊಂದು ನಂಟಿದೆ. ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿ ಚಂದ್ರಯಾನಕ್ಕೆ ಕಿವಿಗೊಟ್ಟು ನಿಂತಿರುವ 32 ಮೀಟರ್ ವ್ಯಾಸದ ಆಂಟೆನಾವನ್ನು ಕಟ್ಟಿಕೊಟ್ಟದ್ದು ನಮ್ಮ ನೆರೆಯ ಇ.ಸಿ.ಐ.ಎಲ್.

ಈಗ ಕಾಲ ಬದಲಾಗಿದೆ. 2020ರ ಜೂನ್‌ನಲ್ಲಿ ಕೇಂದ್ರ ಸರಕಾರ ಖಾಸಗಿಯವರಿಗೆ ಬಾಗಿಲು ತೆರೆದು, ಅಪ್ಪಣೆ ಕೊಡಲು ‘ಇನ್‌ಸ್ಪೇಸ್’ ಎಂಬ ಸಂಸ್ಥೆಯನ್ನು ಮಂಜೂರು ಮಾಡಿತು. 2022ರ ನವೆಂಬರ್ 18ರಂದು ಹೈದರಾಬಾದಿನ ಸ್ಕೈರೂಟ್ ಸಂಸ್ಥೆಯ ‘ವಿಕ್ರಮ್-ಎಸ್’ ಶ್ರೀಹರಿಕೋಟೆಯಿಂದ ಹಾರಿ, 89.5 ಕಿ.ಮೀ. ಏರಿ ಸಮುದ್ರಕ್ಕೆ ಬಿದ್ದಿತು. ನೂರು ಕಿ.ಮೀ.ಗೆ ಬಾಹ್ಯಾಕಾಶ ಆರಂಭವೆಂದು ಅನೇಕರು ಎಣಿಸುತ್ತಾರೆ. ಆದರೆ 1967ರ ಒಡಂಬಡಿಕೆ ಎಲ್ಲಿಯೂ ಗಡಿಗೆರೆ ಎಳೆದಿಲ್ಲ. 2023ರ ಏಪ್ರಿಲ್‌ನಲ್ಲಿ ಭಾರತೀಯ ಬಾಹ್ಯಾಕಾಶ ನೀತಿ ಬಂದಿತು. ಅದೇ ಜೂನ್ 21ರಂದು ಭಾರತ ಅಮೆರಿಕ ಮುಂದಿಟ್ಟ ‘ಆರ್ಟೆಮಿಸ್’ ಒಪ್ಪಂದಕ್ಕೆ 27ನೆಯ ದೇಶವಾಗಿ ಸಹಿ ಹಾಕಿತು. ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನನ್ನು ಮುಟ್ಟಿತು.

ಸಂತೋಷದ ವಿಷಯವೇ ಸರಿ. ಆದರೆ ನೀತಿ ಬೇರೆ, ಕಾಯಿದೆ ಬೇರೆ ಎಂಬುದನ್ನು ನಮ್ಮಂಥ ಗುಮಾಸ್ತರು ಬಲ್ಲರು. ಬಾಹ್ಯಾಕಾಶ ಕಾಯಿದೆಯ ಕರಡು 2017ರಲ್ಲಿಯೇ ಪ್ರಕಟವಾಗಿತ್ತು. 2023ರಲ್ಲಿ ನೀತಿ ಬಂದಾಗಲೂ ಅದು ಕಾಯಿದೆಯಾಗಿರಲಿಲ್ಲ. ನಾಳೆ ಖಾಸಗಿ ರಾಕೆಟ್ಟಿನ ತುಂಡು ಪರದೇಶದ ಮನೆಯೊಂದರ ಮೇಲೆ ಬಿದ್ದರೆ ಒಪ್ಪಂದದ ಪ್ರಕಾರ ಪರಿಹಾರ ಕೊಡಬೇಕಾದುದು ಭಾರತ ಸರಕಾರ, ಎಂದರೆ ತೆರಿಗೆ ಕೊಡುವ ನಾವು ನೀವು. ಆ ಹಣವನ್ನು ಕಂಪನಿಯಿಂದ ಎಷ್ಟು ವಸೂಲು ಮಾಡಬೇಕು, ವಿಮೆ ಎಷ್ಟಿರಬೇಕು ಎಂಬುದು ಸಂಸತ್ತು ಒಪ್ಪಿದ ಕಾಯಿದೆಯಲ್ಲಿ ಸ್ಪಷ್ಟವಾಗಿರಬೇಕು.

ನಮ್ಮ ಮಕ್ಕಳಲ್ಲಿ ಕೆಲವರು ಈ ಕಂಪನಿಗಳ ಬಾಗಿಲು ತಟ್ಟುವ ವಯಸ್ಸಿಗೆ ಬಂದಿದ್ದಾರೆ. ಅವರು ರಾಕೆಟ್ ಹಾರಿಸಲಿ. ಒಬ್ಬಿಬ್ಬರಾದರೂ ಕಾನೂನು ಓದಿ ರಾಯರು ಕುಳಿತ ಆ ಸಭೆಯವರೆಗೂ ಹೋಗಲಿ. ಸೋದರಮಾವನವರಿಗೆ ನಾವು ಮತ್ತೆ ಫೋನ್ ಮಾಡಿ ಇಷ್ಟನ್ನೂ ವಿವರಿಸಿದೆವು. ಎಲ್ಲವನ್ನೂ ಕೇಳಿ ಅವರೆಂದದ್ದು ಒಂದೇ ಮಾತು: “ಹಾರ್ಸೋದು ಹಾರ್ಸ್ರಪಾ, ಕಾಗದಪತ್ರ ಮೊದಲ ಸರಿ ಮಾಡ್ಕೋರಿ.”