ಸರ್ಕಾರಿ ಶಾಲೆಗಳಲ್ಲಿ ಆರೋಗ್ಯ ಮತ್ತು ಆಪ್ತಸಮಾಲೋಚನೆ: ದಕ್ಷಿಣ ಬೆಂಗಳೂರು

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳ ಸರ್ಕಾರಿ ಶಾಲೆಗಳಿಗೆ ಬರುವವರು ಹೆಚ್ಚಾಗಿ ಕಟ್ಟಡ ಕಾರ್ಮಿಕರ, ಮನೆಗೆಲಸದವರ ಮಕ್ಕಳು. ಇವರಿಗಾಗಿ ಇರುವ ಆರೋಗ್ಯ ಸೇವೆಗಳು ಒಂದೇ ಯೋಜನೆಯಾಗಿ ಹುಟ್ಟಿದವಲ್ಲ. ಒಂದೊಂದು ಇಲಾಖೆಯಿಂದ, ಸಂಸ್ಥೆಯಿಂದ ಒಂದೊಂದಾಗಿ ಬಂದು, ಕೊನೆಗೆ ಎಲ್ಲವೂ ಶಿಕ್ಷಕರ ಹೆಗಲೇರಿದವು.

ಮೊದಲು ಬಂದದ್ದು ಊಟ. 2000ದ ಜೂನ್‌ನಲ್ಲಿ ಅಕ್ಷಯ ಪಾತ್ರ ಪ್ರತಿಷ್ಠಾನ ಬೆಂಗಳೂರಿನ ಐದು ಸರ್ಕಾರಿ ಶಾಲೆಗಳ 1,500 ಮಕ್ಕಳಿಗೆ ಬಿಸಿಯೂಟ ಬಡಿಸಿತು. ಮುಂದೆ ಬನಶಂಕರಿಯಾಚೆಯ ವಸಂತಪುರದಲ್ಲೂ ಅದರ ದೊಡ್ಡ ಅಡುಗೆಮನೆ ಎದ್ದಿತು. ರಾಜ್ಯದ ಬಿಸಿಯೂಟ ಯೋಜನೆ ‘ಅಕ್ಷರ ದಾಸೋಹ’ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದೆಡೆ ಹಬ್ಬಿತು. 2013ರ ಆಗಸ್ಟ್ 1ರಿಂದ ‘ಕ್ಷೀರಭಾಗ್ಯ’ದ 150 ಮಿ.ಲೀ. ಹಾಲು ಸೇರಿತು.

ಅದೇ ವರ್ಷ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಶಾಲೆಗೇ ಬಂದು ತಪಾಸಣೆ ಮಾಡುತ್ತದೆ. ಹೈಸ್ಕೂಲಿನವರಿಗೆ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ: ಖಾಲಿ ಹೊಟ್ಟೆಯಲ್ಲಿ ಕೊಡುವಂತಿಲ್ಲ, ಊಟವಾದ ಮೇಲೆ ಶಿಕ್ಷಕರ ಕಣ್ಣೆದುರೇ ನುಂಗಬೇಕು. ತಪಾಸಣೆಯಲ್ಲಿ ದೋಷ ಕಂಡರೆ ಕೈಗೊಂದು ಚೀಟಿ. ಅದನ್ನು ಹಿಡಿದು ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಲು ಅಪ್ಪನೋ ಅಮ್ಮನೋ ಒಂದು ದಿನದ ಕೂಲಿ ಬಿಡಬೇಕು. ಯೋಜನೆ ಸೊರಗುವುದು ಹೆಚ್ಚಾಗಿ ಇಲ್ಲೇ.

ಮನಸ್ಸಿನ ವಿಷಯಕ್ಕೆ ಬಂದರೆ ಈ ಭಾಗದ ಕಥೆಯೇ ಬೇರೆ. 1974ರಲ್ಲಿ ರೂಪುಗೊಂಡ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಇರುವುದು ಜಯನಗರದ ಮಗ್ಗುಲಲ್ಲೇ, ಹೊಸೂರು ರಸ್ತೆಯಲ್ಲಿ. ಅಲ್ಲಿನ ಮನೋವಿಜ್ಞಾನಿ ಮಾಳವಿಕಾ ಕಪೂರ್ ಶಾಲೆಯೊಳಗಿನ ಮಾನಸಿಕ ಆರೋಗ್ಯವನ್ನು ಅಧ್ಯಯನದ ವಿಷಯವಾಗಿಸಿದ ಮೊದಲಿಗರಲ್ಲೊಬ್ಬರು. ಭಾರತೀಯ ಶಾಲೆಗಳ ಬಗ್ಗೆ ಅವರ ಪುಸ್ತಕ 1997ರಲ್ಲಿ ಬಂತು. 2005ರಲ್ಲಿ ಅಲ್ಲಿನವರೇ ಆದ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಪ್ರಕಟಿಸಿದ ಸಮೀಕ್ಷೆ, ಬೆಂಗಳೂರು ನಗರ ಮತ್ತು ಗ್ರಾಮಾಂತರದ 16 ವರ್ಷದೊಳಗಿನ ಮಕ್ಕಳಲ್ಲಿ ಶೇ. 12.5ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ ಎಂದು ತೋರಿಸಿತು. ತರಗತಿಯ ಲೆಕ್ಕದಲ್ಲಿ ನಲವತ್ತು ಮಕ್ಕಳಿಗೆ ಐವರು.

ಇಷ್ಟು ಮಕ್ಕಳನ್ನು ಆಸ್ಪತ್ರೆ ನೋಡಲಾರದು. ಹಾಗಾಗಿ ನಿಮ್ಹಾನ್ಸ್‌ನ ಶ್ರೀಕಲಾ ಭರತ್ ಮತ್ತು ಕೆ.ವಿ. ಕಿಶೋರ್ ಕುಮಾರ್ ಜೀವನ ಕೌಶಲ ಶಿಕ್ಷಣದ ಮಾದರಿಯೊಂದನ್ನು ಕಟ್ಟಿದರು. ಪಾಠ ಹೇಳುವವರು ಶಾಲೆಯ ಶಿಕ್ಷಕರೇ. ಭಾಷಣವಿಲ್ಲ; ಇರುವುದು ಗುಂಪು ಚರ್ಚೆ, ಪಾತ್ರಾಭಿನಯ, ಒಲ್ಲೆನೆಂದು ಹೇಳುವ ಅಭ್ಯಾಸ. 2010ರಲ್ಲಿ ಪ್ರಕಟವಾದ ಅವರ ಮೌಲ್ಯಮಾಪನ, ತರಬೇತಿ ಪಡೆದ 605 ಹದಿಹರೆಯದವರನ್ನು ಪಡೆಯದ 423 ಮಂದಿಯೊಂದಿಗೆ ಹೋಲಿಸಿತು. ಮೊದಲ ಗುಂಪಿನಲ್ಲಿ ಆತ್ಮಗೌರವ ಹೆಚ್ಚಿತ್ತು, ಶಿಕ್ಷಕರೊಂದಿಗಿನ ಹೊಂದಾಣಿಕೆ ಚೆನ್ನಾಗಿತ್ತು. ಮನೆಯವರೊಂದಿಗಿನ, ಓರಗೆಯವರೊಂದಿಗಿನ ಹೊಂದಾಣಿಕೆಯಲ್ಲಾಗಲಿ ಮಾನಸಿಕ ತೊಂದರೆಗಳಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ತಮ್ಮದೇ ಮಾದರಿಯ ಮಿತಿಯನ್ನು ಹೀಗೆ ಅಂಕಿಗಳಲ್ಲಿ ಒಪ್ಪಿಸಿದ್ದು ಮೆಚ್ಚಬೇಕಾದ ಸಂಗತಿ.

ಶಿಕ್ಷಕರ ಪಾತ್ರವನ್ನು ಕಾನೂನೂ ಬದಲಿಸಿತು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ 2010ರ ಏಪ್ರಿಲ್‌ನಿಂದ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಬೆತ್ತ ಕೆಳಗಿಟ್ಟ ಮೇಷ್ಟ್ರೇ ಈಗ ಆಪ್ತಸಮಾಲೋಚಕರೂ ಆಗಬೇಕಾಯಿತು: 2020ರ ಫೆಬ್ರವರಿಯಲ್ಲಿ ಆಯುಷ್ಮಾನ್ ಭಾರತದಡಿ ಬಂದ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು ‘ಆರೋಗ್ಯ ರಾಯಭಾರಿ’ಗಳನ್ನಾಗಿ ಮಾಡಿ 11 ವಿಷಯಗಳ ಪಾಠವನ್ನು ವಹಿಸಿತು. ಬಿಸಿಯೂಟದ ಲೆಕ್ಕ, ಗಣತಿ, ಚುನಾವಣಾ ಕೆಲಸಗಳ ಜೊತೆಗೆ ಇದೂ ಒಂದು.

ಶಾಲೆಯ ಹೊರಗೆ ಮಕ್ಕಳ ಸಹಾಯವಾಣಿ 1098 ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮುನ್ನಡೆಸುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ (14416) ಕನ್ನಡದಲ್ಲೂ ಮಾತಾಡುತ್ತದೆ, ಆದರೆ ಫೋನ್ ಕೈಗೆ ಸಿಗುವ ಮಕ್ಕಳಿಗೆ ಮಾತ್ರ. ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನ ಯೋಗಕ್ಷೇಮ ಕೇಂದ್ರವಿದ್ದು, ಆಸ್ಪತ್ರೆಯ ಹೆಸರಿಗೇ ಹಿಂಜರಿಯುವವರು ಅಲ್ಲಿಗೆ ಹೋಗಬಹುದು. ಅಂಗವೈಕಲ್ಯವುಳ್ಳ ಮಕ್ಕಳಿಗೆ ‘ಸಮಗ್ರ ಶಿಕ್ಷಣ’ ಯೋಜನೆಯಡಿ ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರಿದ್ದಾರೆ; ಶಾಲೆಗೆ ಬರಲಾಗದವರಿಗೆ ಮನೆಯಲ್ಲೇ ಪಾಠದ ವ್ಯವಸ್ಥೆಯೂ ಇದೆ.